ಗದಿಗೆಪ್ಪನವರ ಡಸ್ಟರ್

ಗದಿಗೆಪ್ಪನವರು ಒಂದೇ ಜಾತಿಯ ಕಾರಿಗೆ ಎರಡು ಸಲ ಮನಸೋತರು. ಎರಡೂ ಸಲ ಅದರ ಹೆಸರು ಪ್ಲಿಮತ್ ಡಸ್ಟರ್. ಅರಿಸಿನದ ಬಣ್ಣ, ಪಕ್ಕೆಗೆ ಉದ್ದಕ್ಕೂ ಕಪ್ಪು ಪಟ್ಟೆ, ಎರಡೇ ಬಾಗಿಲು, ಬಾನೆಟ್ಟಿನ ಅಡಿಯಲ್ಲಿ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನು. ಮೊದಲನೆಯದು ಅವರು ಕೆನಡಾಕ್ಕೆ ಬಂದ ಹೊಸತರಲ್ಲಿ ಸಿಕ್ಕಿತು. ಎರಡನೆಯದು ತಲೆ ನರೆತ ಮೇಲೆ, ಟೊರಾಂಟೊ ಹತ್ತಿರದ ನ್ಯೂಮಾರ್ಕೆಟ್ಟಿನ ಮನೆಯ ಗ್ಯಾರೇಜಿಗೆ ಬಂತು. ನಾನು ಕಣ್ಣಾರೆ ಕಂಡದ್ದು ಎರಡನೆಯದನ್ನು. ಮೊದಲನೆಯದರ ಕತೆಯನ್ನು ಅವರ ಹೆಂಡತಿ ಜಯಶೀಲಾ ಅಕ್ಕನ ಅಡುಗೆಮನೆಯಲ್ಲಿ ಕೇಳಿ ತಿಳಿದೆ.

ನಮ್ಮದು ಅದೇ ಬೀದಿ. ನಾವು ಮೈಸೂರು ಕಡೆಯವರು, ಅವರು ಹುಬ್ಬಳ್ಳಿಯವರು. ಸೋಮವಾರ ಸಂಜೆ ಅವರ ಮನೆಯಲ್ಲಿ ನಾಲ್ಕಾರು ಹೆಂಗಸರು ಸೇರಿ ಶಿವನ ಹಾಡು ಹೇಳುತ್ತಿದ್ದೆವು. ಉಳಿದವರು ಹೊರಟ ಮೇಲೆ ನಾನು ಲೋಟ ತೊಳೆಯಲು ನಿಲ್ಲುತ್ತಿದ್ದೆ. ಅಕ್ಕ ಒರೆಸಿ ಇಡುತ್ತ ಮಾತಾಡುತ್ತಿದ್ದರು.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ ಗದಿಗೆಪ್ಪನವರು ಎಪ್ಪತ್ತರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದು, ಕಾರಿನ ಬಾಗಿಲುಗಳಿಗೆ ತಗಡು ಒತ್ತುವ ಕಾರ್ಖಾನೆಯೊಂದಕ್ಕೆ ಸೇರಿದರು. ಅಲ್ಲಿಯವರ ನಾಲಿಗೆಗೆ ಗದಿಗೆಪ್ಪ ಹೊರಳಲಿಲ್ಲ. ಮೊದಲ ವಾರದಲ್ಲೇ ಗ್ಯಾರಿ ಎಂದು ಕರೆದುಬಿಟ್ಟರು. ಬೇಸ್‌ಮೆಂಟಿನ ಬಾಡಿಗೆ ಕೋಣೆ, ಮಾತಿಲ್ಲದ ಶಿಫ್ಟು. ಆಗ ಗ್ಯಾಸಿನ, ಅಂದರೆ ಪೆಟ್ರೋಲಿನ, ಬೆಲೆ ಏರಿ, ಜನ ದೊಡ್ಡ ಎಂಜಿನ್ನಿನ ಕಾರುಗಳನ್ನು ಬೇಡವೆಂದು ಬಿಡುತ್ತಿದ್ದ ಕಾಲ. ಜೊತೆಯವನೊಬ್ಬ ತನ್ನ ಹಿತ್ತಲಿನಲ್ಲಿ ನಿಲ್ಲಿಸಿದ್ದ ಡಸ್ಟರನ್ನು ಇವರು ಕೊಂಡರು. ಊರಿನಲ್ಲಿ ಸ್ವಂತ ಸೈಕಲ್ಲೂ ಇರದಿದ್ದ ಮನುಷ್ಯ.

"ನಾ ಏರ್‌ಪೋರ್ಟಿನಾಗ ಇಳದೆ ನೋಡು ತಂಗಿ," ಎಂದು ಅಕ್ಕ ಹೇಳುತ್ತಿದ್ದರು. "ಮೈಮ್ಯಾಲೆ ಇಳಕಲ್ ಸೀರಿ, ಅದರ ಮ್ಯಾಲೆ ಇವರ ಕೋಟು. ಕಾರಿನಾಗ ಕೂಡ್ರಿಸಿ 'ಗಟ್ಟಿ ಹಿಡ್ಕೊ' ಅಂದ್ರು. ಯಾಕಂತ ಕೇಳೂದ್ರೊಳಗ ಬೆನ್ನು ಸೀಟಿಗೆ ಅಂಟಿತ್ತು. ನಾ ಕೊರಳಾಗಿನ ಲಿಂಗ ಹಿಡ್ಕೊಂಡು ಶಿವಾ ಶಿವಾ ಅನ್ನಾಕತ್ತೀನಿ, ಇವರು ನಗಾಕತ್ತಾರ. ಲಗ್ನದಾಗೂ ಹಂಗ ನಕ್ಕಿರಲಿಲ್ಲ ಬಿಡು."

ಮಗ ಹುಟ್ಟಿದ. ಪ್ರವೀಣಕುಮಾರ ಎಂದು ಹೆಸರಿಟ್ಟರು. ಎರಡು ಬಾಗಿಲಿನ ಕಾರಿನಲ್ಲಿ ಕೂಸನ್ನು ಹಿಂದೆ ಮಲಗಿಸಿ ಬಾಣಂತಿಯನ್ನು ಬಗ್ಗಿಸಿ ಹತ್ತಿಸುವುದು ಆಗದ ಮಾತು. ಹಿಮದಲ್ಲಿ ಅದರ ಹಿಂದಿನ ಚಕ್ರಗಳು ಜಾರುತ್ತಿದ್ದವು. ಗದಿಗೆಪ್ಪನವರು ಒಂದು ದಿನ ಯಾರಿಗೂ ಹೇಳದೆ ಡಸ್ಟರನ್ನು ಮಾರಿ, ನಾಲ್ಕು ಬಾಗಿಲಿನ ಕಂದು ಬಣ್ಣದ ಕಾರು ತಂದರು. ಮುಂದೆ ಆ ವಿಷಯವನ್ನು ಮಗನನ್ನು ಮುದ್ದಿಸುವಾಗಲೆಲ್ಲ ತಮಾಷೆಗೆ ಎತ್ತುತ್ತಿದ್ದರು. "ನೀ ಬಂದಿ, ನಾ ಗಾಡಿ ತಗದೆ. ಎಷ್ಟ್ ತುಟ್ಟಿ ಮಗಾ ಅದೀಯೋ!" ಪ್ರವೀಣ ಬೆಳೆದು ಮೀಸೆ ಮೂಡುವವರೆಗೂ ಈ ಮಾತು ಕೇಳಿದ್ದಾನೆ. ಅವನಿಗೆ ಅದು ಕನ್ನಡದಲ್ಲಿ ಗೊತ್ತಿದ್ದ ಕೆಲವೇ ಪೂರ್ತಿ ಕತೆಗಳಲ್ಲಿ ಒಂದು. ತನಗಾಗಿ ಅಪ್ಪ ಗಾಡಿ ತಗದ.

ಮೊದಲಿನ ಡಸ್ಟರ್ ಹೋದ ಮೇಲೂ ಗದಿಗೆಪ್ಪನವರು ಅದನ್ನು ಬಿಡಲಿಲ್ಲ. ರಸ್ತೆಯಲ್ಲಿ ಅಂಥ ಎಂಜಿನ್ನಿನ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಕಿಟಕಿಗೆ ಹೋಗುತ್ತಿದ್ದರಂತೆ. "ನಮ್ದಲ್ಲ," ಎಂದು ಬಂದು ಮತ್ತೆ ರೊಟ್ಟಿ ಮುರಿಯುತ್ತಿದ್ದರು.

ತೊಂಬತ್ತನಾಲ್ಕರಲ್ಲಿ, ಬ್ರ್ಯಾಡ್‌ಫರ್ಡ್ ಕಡೆ ಯಾವುದೋ ತೋಟದ ಮನೆಯ ಹುಲ್ಲಿನ ಕೊಟ್ಟಿಗೆಯಲ್ಲಿ ಇನ್ನೊಂದು ಸಿಕ್ಕಿತು. ಇಲಿಗಳು ಸೀಟು ತಿಂದಿದ್ದವು, ನೆಲದ ತಗಡು ತುಕ್ಕು ಹಿಡಿದು ಹರಿದಿತ್ತು. ಅದನ್ನು ಎಳೆಸಿಕೊಂಡು ತಂದ ದಿನ ಅಕ್ಕ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟರು.

"ಏನ್ರಿ ಇದು? ಬೋರ್ಡ್ ಒರಸೂ ಡಸ್ಟರ್ ಆದ್ರೂ ಇದಕ್ಕಿಂತ ಸ್ವಚ್ಛ ಇರತೈತಿ."

"ತೊಳದ್ರ ಹೋಗತೈತಿ."

"ತೊಳದ್ರ ಗಾಡೀನ ಹೋಗತೈತಿ, ಹಂಗ ಐತಿ."

ಮುಂದಿನ ಮೂರು ವರ್ಷ ಆ ಮನೆಯ ಬೇಸ್‌ಮೆಂಟು ಬಿಡಿಭಾಗಗಳ ಸಂತೆಯಾಯಿತು. ಒಮ್ಮೆ ಸೋಮವಾರ ನಾವು ಹಾಡಲು ಕೂತಾಗ ದೇವರ ಜಗಲಿಯ ಪಕ್ಕದಲ್ಲಿ, ಹಾಸಿದ ಕಾಗದದ ಮೇಲೆ, ಎಣ್ಣೆ ಸೋರುವ ಕಾರ್ಬೊರೇಟರ್ ಇತ್ತು. "ಅಲ್ಲಿ ಬೆಚ್ಚಗ ಇರತೈತಂತ," ಎಂದು ಅಕ್ಕ ನಮಸ್ಕಾರ ಮಾಡುವಾಗ ಅದನ್ನು ತಳ್ಳಿ ಜಾಗ ಮಾಡಿಕೊಂಡರು. "ಈ ಡಬ್ಬಿ ಗಾಡಿ ತಗದ್ ಒಗೀರಿ, ತಗದ್ ಒಗೀರಿ ಅಂತ ಹೇಳಿ ಹೇಳಿ ಬಾಯಿ ಬತ್ತಿ ಹೋತು."

ಗದಿಗೆಪ್ಪನವರದು ಮಾತು ಕಡಿಮೆ. ಮನೆಗೆ ಹೋದರೆ "ಬರ್ರಿ, ಕೂಡ್ರಿ," ಅಷ್ಟೇ. ಆದರೆ ಕಾರು ತಯಾರಾದ ಬೇಸಿಗೆಯಲ್ಲಿ ಕನ್ನಡ ಸಂಘದ ಪಿಕ್‌ನಿಕ್ಕಿಗೆ ನನ್ನನ್ನೂ ಅಕ್ಕನನ್ನೂ ಪ್ರವೀಣನನ್ನೂ ಅದರಲ್ಲಿ ಕರೆದೊಯ್ದರು. ಆಗ ತಿಳಿಯಿತು ಇವರಿಗೆ ಮಾತು ಇಲ್ಲದಿಲ್ಲ, ಮಾತಾಡುವ ಜಾಗ ಬೇರೆ ಇದೆ ಎಂದು. ಕಿಟಕಿ ಇಳಿಸಿದ್ದರು. ಬಿಸಿ ರೆಕ್ಸಿನ್ನಿನ ವಾಸನೆ, ಗ್ಯಾಸಿನ ವಾಸನೆ. ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಹೇಳಿದರು: ಬೆಳಿಗ್ಗೆ ಕೂಗುವ ವರ್ಕ್‌ಶಾಪಿನ ಭೋಂಗಾ, ತಮ್ಮ ತಂದೆಯ ಬೈಗುಳ, ಹುಬ್ಬಳ್ಳಿಯಲ್ಲಿ ಒಬ್ಬ ಅರಳೆ ವ್ಯಾಪಾರಿಯ ಹತ್ತಿರ ಇದ್ದ ಹಳೆಯ ಪ್ಲಿಮತ್ ಕಾರಿನ ಹಿಂದೆ ಓಡಿ ಅದರ ಧೂಳು ತಿಂದದ್ದು. ಗೇರು ಬದಲಿಸುವಾಗ ಮಾತು ನಿಲ್ಲಿಸಿ, ಬದಲಿಸಿ ಮತ್ತೆ ಶುರು ಮಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಪ್ರವೀಣ ಅಪ್ಪನ ಕತ್ತಿನ ಹಿಂಭಾಗವನ್ನೇ ನೋಡುತ್ತ ನಗುತ್ತಿದ್ದ.

ಪಾರ್ಕಿನಲ್ಲಿ ಅವರ ಗೆಳೆಯ, ಬೆಳಗಾವಿಯ ಬಸವಂತಪ್ಪ, ಚಹಾ ಲೋಟ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಗದಿಗೆಪ್ಪಾ, ಇದು ಗಾಡಿ ಏನೋ, ಎಮ್ಮಿ ಏನೋ? ನಿಂತಲ್ಲೇ ಗುರುಗುಡತೈತಿ."

"ನಿನ್ನ ಜಪಾನಿ ಗಾಡಿ ಮಿಕ್ಸರ್ ಇದ್ದಂಗ ಐತಿ. ಶೇಂಗಾ ಚಟ್ನಿ ಮಾಡಾಕ ಚಲೋ."

"ಗ್ಯಾಸ್ ಎಷ್ಟ್ ಕುಡೀತೈತಿ?"

"ನೀ ಚಾ ಕುಡದಷ್ಟ."

"ಹಂಗಾರ ಸಾಕಾತು, ಮನಿ ಮಾರಬೇಕಾಕ್ಕೈತಿ!"

ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಗದಿಗೆಪ್ಪನವರೇ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಹಳೆಯ ಕಾರಿನ ಮೈಯನ್ನು ತಿಂದುಹಾಕುತ್ತದೆ. ಅದಕ್ಕೇ ಮೊದಲ ಹಿಮಕ್ಕೆ ಮುಂಚೆ ಡಸ್ಟರಿಗೆ ಬಟ್ಟೆ ಹೊದಿಸಿ ಗ್ಯಾರೇಜಿನಲ್ಲಿ ಮಲಗಿಸುತ್ತಿದ್ದರು. ವಸಂತದಲ್ಲಿ ಎರಡು ಒಳ್ಳೆಯ ಮಳೆ ಬಿದ್ದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ ಎಬ್ಬಿಸುತ್ತಿದ್ದರು. ಬಾನೆಟ್ಟಿಗೆ ಮೂರು ಎಳೆ ವಿಭೂತಿ, ಒಂದು ತೆಂಗಿನಕಾಯಿ. ಆಮೇಲೆ ಅಪ್ಪ ಮಗ ಇಬ್ಬರೇ ಸಿಮ್ಕೋ ಸರೋವರದ ದಂಡೆಯವರೆಗೆ ಹೋಗಿ ಬರುತ್ತಿದ್ದರು. ಅದಕ್ಕೆ ಮನೆಯಲ್ಲಿ "ರೌಂಡು" ಎಂದು ಹೆಸರು. ಪ್ರವೀಣ ಓದು ಮುಗಿಸಿ ನಾರ್ತ್ ಯಾರ್ಕಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರೂ, ವರ್ಷದ ಮೊದಲ ರೌಂಡಿಗೆ ತಪ್ಪದೆ ಬರುತ್ತಿದ್ದ. ಅವನಿಗೆ ಕಾರಿನ ಹುಚ್ಚಿರಲಿಲ್ಲ. "ಅಪ್ಪ ಟಾಕ್ಸ್ ಇನ್ ದ್ಯಾಟ್ ಕಾರ್, ಆಂಟಿ," ಎಂದು ಒಮ್ಮೆ ನನಗೆ ಹೇಳಿದ್ದ. ಅಪ್ಪ ಮಾತಾಡುತ್ತಾರೆಂದು, ಅಷ್ಟಕ್ಕೇ ಬರುತ್ತಿದ್ದ.

ಎರಡು ಸಾವಿರದ ಮೂರರ ಜನವರಿಯಲ್ಲಿ, ಬೆಳಗಿನ ಹೊತ್ತು, ಗದಿಗೆಪ್ಪನವರ ಕೈಯಿಂದ ಲೋಟ ಜಾರಿತು. ಬಗ್ಗಿ ಎತ್ತಲು ಹೋದವರು ಏಳಲಿಲ್ಲ. ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು, ವಾರಗಳ ಮೇಲೆ ಚೂರುಚೂರಾಗಿ ಬಂದದ್ದು ಕನ್ನಡ ಮಾತ್ರ. ಅಷ್ಟು ವರ್ಷ ಕಾರ್ಖಾನೆಯಲ್ಲಿ ಆಡಿದ ಇಂಗ್ಲಿಷು ಒಂದಕ್ಷರವೂ ಉಳಿದಿರಲಿಲ್ಲ. "ನೀರ," "ಸಾಕ," "ಜಯಾ." ನರ್ಸುಗಳು ಅಕ್ಕನ ಮುಖ ನೋಡುತ್ತಿದ್ದರು.

ಡಾಕ್ಟರು ಅಕ್ಕನನ್ನೂ ಪ್ರವೀಣನನ್ನೂ ಹೊರಗೆ ಕರೆದು, ಇವರು ಇನ್ನು ಕಾರು ನಡೆಸುವ ಹಾಗಿಲ್ಲ ಎಂದರು. "ಅಪ್ಪಗ ಈಗ ಹೇಳಬ್ಯಾಡ," ಎಂದರು ಅಕ್ಕ. ಪ್ರವೀಣ ತಲೆಯಾಡಿಸಿದ. ಹೀಗೆ ಒಳಗೆ ಮಲಗಿದ್ದವರಿಗೆ ಅದು ಗೊತ್ತಾಗಲಿಲ್ಲ. ಅವರ ಮನಸ್ಸಿನಲ್ಲಿ ಕಾರು ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿತ್ತು, ತಾವು ಏಳುವುದನ್ನೇ ಕಾಯುತ್ತಿತ್ತು.

ಮಾರ್ಚಿನ ಕೊನೆಗೆ ಊರಿಗೆ ಸಾರ್ಸ್ ಎಂಬ ಅಂಟುಜ್ವರದ ಭಯ ಬಂತು. ಟೊರಾಂಟೊ ಸುತ್ತಲಿನ ಆಸ್ಪತ್ರೆಗಳೆಲ್ಲ ನೋಡಬರುವವರಿಗೆ ಬಾಗಿಲು ಮುಚ್ಚಿದವು. ಅಕ್ಕ ಮಾಡಿದ್ದ ಮಜ್ಜಿಗೆ ಅನ್ನದ ಡಬ್ಬಿ ಬಾಗಿಲಿನಿಂದಲೇ ವಾಪಸಾಯಿತು. ಉಳಿದದ್ದು ಫೋನು. ಒಬ್ಬ ನರ್ಸು ದಯೆಯಿಂದ ಸಂಜೆ ಫೋನು ಹಚ್ಚಿ ರಿಸೀವರನ್ನು ಅವರ ಕಿವಿಗೆ ಹಿಡಿಯುತ್ತಿದ್ದಳು. ಕೈಸನ್ನೆ ಕಾಣುವುದಿಲ್ಲ, ಕಣ್ಣು ಕಾಣುವುದಿಲ್ಲ. ಮುರಿದ ಮಾತು ಮಾತ್ರ ತಂತಿಯಲ್ಲಿ ಬರುತ್ತಿತ್ತು.

ಯುಗಾದಿಯ ಆಸುಪಾಸಿನಲ್ಲಿ ಒಂದು ಸಂಜೆ ಪ್ರವೀಣ ಮನೆಯಲ್ಲಿದ್ದ. ಫೋನು ಅವನೇ ಎತ್ತಿದ. ಆ ಮಾತನ್ನು ಅವನು ಆಮೇಲೆ ಎಷ್ಟು ಸಲ ಹೇಳಿದ್ದಾನೆಂದರೆ ನನಗೂ ಬಾಯಿಪಾಠವಾಗಿದೆ.

"ಪ್ರವೀ… ಣಾ."

"ಹೇಳ್ರಿ ಅಪ್ಪಾ."

"ಮಳಿ… ಬಂತ?"

"ಹೂಂ ಅಪ್ಪಾ, ಇಟ್ಸ್ ರೇನಿಂಗ್. ಸ್ನೋ ಎಲ್ಲಾ ಹೋತು."

"ಗಾಡಿ… ಗಾಡಿ ತಗಿ."

"ಏನ್ ಅಪ್ಪಾ?"

"ಗಾಡಿ. ತಗದ… ಬಿಡು."

"ಆರ್ ಯೂ ಶೂರ್, ಅಪ್ಪಾ? ಖರೇನ?"

"ಹೂಂ. ಲಗೂನ."

ಪ್ರವೀಣ ರಿಸೀವರ್ ಇಟ್ಟು ಮೆಟ್ಟಿಲ ಮೇಲೆ ಕೂತು ಅತ್ತ. ಅಕ್ಕ ಒಗ್ಗರಣೆ ಬಿಟ್ಟು ಓಡಿ ಬಂದರು.

"ಏನಾತೋ?"

"ಅವ್ವಾ, ಅಪ್ಪ ಗಾಡಿ ತಗಿ ಅಂದ್ರು. ಹೀ ನೋಸ್. ಅವರಿಗೆ ಗೊತ್ತಾಗೇತಿ."

ನಮ್ಮ ಮಾತಿನಲ್ಲಿ ಅದೊಂದು ಪದಕ್ಕೆ ಎಷ್ಟು ಕೆಲಸ! ಬಾಗಿಲು ತೆಗೆ ಎಂದರೆ ತೆರೆ. ಕಸ ತೆಗೆ ಎಂದರೆ ಎತ್ತಿ ಹಾಕು. ಗಾಡಿ ತೆಗೆ ಎಂದರೆ ಹೊರಗೆ ತಂದು ಓಡಿಸು. ಗಾಡಿ ತೆಗೆದೆ ಎಂದರೆ ಮಾರಿಬಿಟ್ಟೆ ಎಂದೂ ಆಗುತ್ತದೆ. ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದವನಿಗೆ ಹೇಳುವವನ ದನಿ, ಹೊತ್ತು, ಕೈ ನೋಡಿ ಯಾವುದೆಂದು ತಿಳಿಯುತ್ತದೆ. ಪ್ರವೀಣನಿಗೆ ಗೊತ್ತಿದ್ದದ್ದು ಎರಡೇ: ಅವ್ವ ವರ್ಷಗಟ್ಟಲೆ ಹೇಳಿದ "ತಗದ್ ಒಗೀರಿ," ಅಪ್ಪ ಮುದ್ದಿಸುತ್ತ ಹೇಳಿದ "ನೀ ಬಂದಿ, ಗಾಡಿ ತಗದೆ." ಹೊರಗೆ ಹೋಗುವುದಕ್ಕೆ ಆ ಮನೆಯಲ್ಲಿ ರೌಂಡು ಎಂಬ ಪದವೇ ಇತ್ತು. ಆ ಪದ ಅಂದು ಗದಿಗೆಪ್ಪನವರ ಬಾಯಿಗೆ ಬರಲಿಲ್ಲ.

ಹುಬ್ಬಳ್ಳಿಯವರೇ ಆದ ಅಕ್ಕನಿಗೆ ಏಕೆ ತಿಳಿಯಲಿಲ್ಲ? ಅದನ್ನು ಅವರು ತಮ್ಮನ್ನೇ ಕೇಳಿಕೊಂಡಿದ್ದಾರೆ. "ಹುಡುಗ ಅಳಕೋತ ಹೇಳಿದ ತಂಗಿ. ಅಳೂ ಮಾತ ಇರಬೇಕು ಅಂತ ನಾನೂ ತಿಳ್ಕೊಂಡೆ."

ಲಗೂನ ಎಂದಿದ್ದರಲ್ಲ. ಪ್ರವೀಣ ತಡ ಮಾಡಲಿಲ್ಲ. ಬ್ಯಾರಿ ಊರಿನಾಚೆಯ ಒಬ್ಬ ಹಳೆ ಕಾರುಗಳ ಮನುಷ್ಯ ಟ್ರೈಲರ್ ತೆಗೆದುಕೊಂಡು ಬಂದ. ಕೊಡುವ ಮೊದಲು ಅಕ್ಕ ಬಾನೆಟ್ಟಿಗೆ ವಿಭೂತಿ ಹಚ್ಚಿದರು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ. ಟ್ರೈಲರ್ ಹತ್ತಿಸಲು ಅವನು ಎಂಜಿನ್ನು ಶುರು ಮಾಡಿದಾಗ ಬೀದಿಯ ಕಿಟಕಿಗಳು ಅದುರಿದವು. ಎದುರು ಮನೆಯ ಮುದುಕ ಹೊರಗೆ ಬಂದು ಟೋಪಿ ತೆಗೆದು ನಿಂತ. ಅವನು ಗದಿಗೆಪ್ಪನವರು ಹೋಗಿಬಿಟ್ಟರೆಂದು ತಿಳಿದಿದ್ದನಂತೆ.

ಸಂಜೆ ಫೋನಿನಲ್ಲಿ ಪ್ರವೀಣ ಹೇಳಿದ: "ಅಪ್ಪಾ, ಗಾಡಿ ತಗದೆ."

ಆ ಕಡೆಯಿಂದ ಒಂದು ಸದ್ದು ಬಂತು. ನಗು. ಜನವರಿಯಿಂದ ಈಚೆಗೆ ಮೊದಲ ನಗು. "ಚಲೋ… ಚಲೋ ಆತು."

ನರ್ಸು ಫೋನು ತೆಗೆದುಕೊಂಡು, ಏನು ಹೇಳಿದೆ ಅವರಿಗೆ, ಮುಖ ನೋಡಬೇಕಿತ್ತು ನೀನು, ಎಂದಳಂತೆ. ಪ್ರವೀಣ ಅವ್ವನ ಕಡೆ ತಿರುಗಿ, "ಹೀ ಈಸ್ ಹ್ಯಾಪಿ, ಅವ್ವಾ," ಎಂದ. ಅಪ್ಪನ ಎದೆಯ ಮೇಲಿನ ಭಾರ ಇಳಿಯಿತೆಂದು ಇಬ್ಬರೂ ನಂಬಿದರು. ನಾನೂ ನಂಬಿ ಅಂದು ದೇವರಿಗೆ ಒಂದು ತುಪ್ಪದ ದೀಪ ಹಚ್ಚಿದೆ.

ಅಂದಿನಿಂದ ಅವರು ಚೇತರಿಸಿಕೊಂಡ ಬಗೆ ಆಸ್ಪತ್ರೆಯವರಿಗೇ ಆಶ್ಚರ್ಯ. ವ್ಯಾಯಾಮಕ್ಕೆ ಬೇಡ ಎನ್ನುತ್ತಿದ್ದವರು ಈಗ ತಾವೇ ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಮುಖ್ಯವಾಗಿ ಬಲಗಾಲಿಗೆ. ಮಂಚದ ಅಡಿಹಲಗೆಗೆ ಪಾದ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು.

ಒಬ್ಬೊಬ್ಬರನ್ನು ಒಳಗೆ ಬಿಡತೊಡಗಿದಾಗ ಅಕ್ಕನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅವರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದರು, ನಾನು ಪಾರ್ಕಿಂಗಿನಲ್ಲಿ ಕಾದೆ. ಬೇಗನೆ ವಾಪಸು ಬಂದರು. ಕಾರಿನ ಬಾಗಿಲು ಹಾಕಿಕೊಂಡ ಮೇಲೂ ಮಾಸ್ಕ್ ತೆಗೆಯಲಿಲ್ಲ.

"ಕಾಲು ಹೆಂಗ್ ಒತ್ತತೀನಿ ನೋಡು ಅಂತ ತೋರಿಸಿದ್ರು ತಂಗಿ. ಎಡಗೈಲೆ ಹಿಂಗ ಸ್ಟಿಯರಿಂಗ್ ತಿರುವಿದ್ರು. 'ಪ್ರವೀಣ… ಓಡಿಸಿದ… ಇನ್ನ ನಾ' ಅಂದ್ರು. ಆಮ್ಯಾಲೆ ಕೇಳಿದ್ರು, ಶಬ್ದ ಹೆಂಗಿತ್ತು ಅಂತ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ತೆಗೆ ಎಂದದ್ದು ಹೊರಗೆ ತಂದು ಓಡಿಸು ಎಂದು.

"ನೀವು ಏನಂದ್ರಿ ಅಕ್ಕ?"

"ಚಲೋ ಇತ್ತ್ರಿ ಅಂದೆ."

ಮಾಸ್ಕಿನ ಮೇಲೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಅವರು ಅಳುತ್ತಿರಲಿಲ್ಲ. ಎದುರಿಗೆ ನಿಂತ ಕಾರುಗಳ ಸಾಲನ್ನು ಒಂದೊಂದಾಗಿ ನೋಡುತ್ತಿದ್ದರು.

ಪ್ರವೀಣನಿಗೆ ಅಕ್ಕ ಅಂದೇ ಹೇಳಿದರು. ಅವನು ಕೊಂಡವನಿಗೆ ಫೋನು ಮಾಡಿದ, ಫೋನಿನಲ್ಲಿ ತಿಳಿಯದೆಂದು ಮರುದಿನ ರಜೆ ಹಾಕಿ ತಾನೇ ಹೋದ. ಆ ಮನುಷ್ಯ ಕೆಟ್ಟವನಲ್ಲ. ಕೊಂಡದ್ದು ಎಂಜಿನ್ನಿಗಾಗಿ. ಅದನ್ನು ಆಗಲೇ ಬಿಚ್ಚಿ ತನ್ನ ಇನ್ನೊಂದು ಕಾರಿಗೆ ಕೂಡಿಸಿದ್ದ. ಉಳಿದ ಮೈ ಬಿಡಿಬಿಡಿಯಾಗಿ ಕ್ವಿಬೆಕ್ ಕಡೆ ಹೋಗಿತ್ತು. ಹುಡುಗನ ಮುಖ ನೋಡಿ ಅವನಿಗೂ ಏನು ಮಾಡಬೇಕೋ ತಿಳಿಯದೆ, ಬೇಕಾದರೆ ಶುರು ಮಾಡಿ ಕೇಳಿಸುತ್ತೇನೆ ಎಂದನಂತೆ. ಕೇಳಿಸಿದ.

"ಸೇಮ್ ಸೌಂಡ್, ಆಂಟಿ," ಎಂದ ಪ್ರವೀಣ. "ಬೇರೆ ಗಾಡಿ ಒಳಗ ಕೂತು ಅದ ಶಬ್ದ ಮಾಡಾಕತ್ತಿತ್ತು."

ಇನ್ನು ಹೇಳುವವರು ಯಾರು? ಅಕ್ಕ ನನ್ನ ಕೈ ಹಿಡಿದು, "ನೀ ಹೇಳ ತಂಗಿ, ನೀ ಮೆತ್ತಗ ಮಾತಾಡ್ತಿ," ಎಂದರು. ನಾನು ಕೈ ಬಿಡಿಸಿಕೊಂಡು ಮನೆಗೆ ಬಂದೆ. ರಾತ್ರಿ ದೀಪದ ಮುಂದೆ ಕೂತಾಗ ಏನು ಬೇಡಿಕೊಳ್ಳಬೇಕೆಂದೇ ಹೊಳೆಯಲಿಲ್ಲ. ಹೋದ ಕಾರು ಬರಲಿ ಎಂದು ಕೇಳಲಾಗದು. ಅವರು ಮರೆಯಲಿ ಎಂದು ಕೇಳಿದರೆ, ಆ ಕಾಲು ಏಳುತ್ತಿದ್ದುದೇ ಆ ನೆನಪಿನ ಬಲದಿಂದ. ಕೊನೆಗೆ ಪ್ರವೀಣನೇ, "ನಾ ತಗದೀನಿ, ನಾನ ಹೇಳ್ತೀನಿ," ಎಂದ.

ಆದರೆ ಆಸ್ಪತ್ರೆಯಲ್ಲಿ ಅವನಿಗೆ ಹೇಳಲಾಗಲಿಲ್ಲ. ಹೋದಾಗಲೆಲ್ಲ ಗದಿಗೆಪ್ಪನವರು ಕಾಲು ತೋರಿಸುತ್ತಿದ್ದರು. ಇವತ್ತು ಬೇಡ, ನಾಳೆ ಎಂದು ಬರುತ್ತಿದ್ದ.

ಜೂನ್ ತಿಂಗಳಲ್ಲಿ ಅವರನ್ನು ಮನೆಗೆ ಕಳಿಸಿದರು. ಅಕ್ಕ ಹೊಸ್ತಿಲಿಗೆ ನೀರು ಹಾಕಿ, ಅನ್ನ ನಿವಾಳಿಸಿ ಹಾಕಲು ತಟ್ಟೆ ಹಿಡಿದು ನಿಂತಿದ್ದರು. ನಾನು ಅವರ ಹಿಂದೆ ಇದ್ದೆ. ಪ್ರವೀಣ ತನ್ನ ಪುಟ್ಟ ಕಾರಿನಿಂದ ಅಪ್ಪನನ್ನು ಇಳಿಸಿ ಗಾಲಿಕುರ್ಚಿಯಲ್ಲಿ ಕೂಡಿಸಿದ. ಅದನ್ನು ಮುಂಬಾಗಿಲ ಕಡೆ ತಿರುಗಿಸಿದರೆ, ಗದಿಗೆಪ್ಪನವರು ಎಡಗೈಯಲ್ಲಿ ಗಾಲಿ ಹಿಡಿದು ನಿಲ್ಲಿಸಿದರು. ಗ್ಯಾರೇಜಿನ ಶಟರಿನ ಕಡೆ ಬೆರಳು ಮಾಡಿದರು.

"ತಗಿ."

"ಅಪ್ಪಾ, ಮೊದಲ ಒಳಗ ಬರ್ರಿ. ಚಾ ಕುಡದು—"

"ತಗಿ," ಎಂದರು ನಗುತ್ತ.

ಪ್ರವೀಣ ರಿಮೋಟ್ ಹಿಡಿದು ನಿಂತ. ಅಕ್ಕನ ಕಡೆ ನೋಡಿದ. ಅಕ್ಕ ತಟ್ಟೆಯ ಕಡೆ ನೋಡಿದರು. ಅವನು ಒತ್ತಿದ. ಶಟರು ಕಿರುಗುಟ್ಟುತ್ತ ಮೇಲೆ ಹೋಯಿತು.

ಒಳಗೆ ಗೋಡೆಗೆ ಒರಗಿಸಿದ್ದ ಹಿಮದ ಸಲಿಕೆ, ಬಣ್ಣದ ಡಬ್ಬಿಗಳು, ನೆಲದ ಮೇಲೆ ಎಣ್ಣೆಯ ಕಲೆ. ಮಡಚಿ ಇಟ್ಟ ಹೊದಿಕೆ. ಗದಿಗೆಪ್ಪನವರು ಒಳಗೆ ನೋಡಿದರು. ಆಮೇಲೆ ಬೀದಿಯ ಆ ಕಡೆ, ಈ ಕಡೆ ನೋಡಿದರು, ಅಲ್ಲೆಲ್ಲೋ ನಿಲ್ಲಿಸಿರಬೇಕೆಂಬಂತೆ. ಮತ್ತೆ ಒಳಗೆ ನೋಡಿದರು. ಪ್ರವೀಣ ಕುರ್ಚಿಯ ಮುಂದೆ ಮೊಣಕಾಲೂರಿ ಕೂತ.

"ಅಪ್ಪಾ, ನೀವು ತಗಿ ಅಂದ್ರಿ. ಐ ಥಾಟ್… ನಾ ಹುಟ್ಟಿದಾಗ ಗಾಡಿ ತಗದೆ ಅಂತಿದ್ರಲ್ಲ… ಆ ತಗಿ ಅಂತ ತಿಳ್ಕೊಂಡೆ, ಅಪ್ಪಾ. ಮಾರಿಬಿಟ್ಟೆ. ವಾಪಸ್ ಕೇಳಾಕ ಹೋಗಿದ್ದೆ. ಇಟ್ಸ್ ಗಾನ್."

ಗದಿಗೆಪ್ಪನವರ ಎಡಗೈ ಮೇಲೆದ್ದಿತು. ಹೊಡೆಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಆ ಕೈ ಮಗನ ಕಡೆ ಹೋಗಲಿಲ್ಲ. ತಮ್ಮ ಬಾಯಿಯ ಮೇಲೆ ತಾವೇ ಬೆರಳುಗಳಿಂದ ತಟ್ಟಿಕೊಂಡರು, ಮತ್ತೆ ಮತ್ತೆ. "ಇದ… ಇದ," ಎಂದರು. ತಪ್ಪು ಬಾಯಿಯದು ಎಂಬಂತೆ. ಪ್ರವೀಣ ಆ ಕೈ ಹಿಡಿದುಕೊಳ್ಳುವವರೆಗೂ ನಿಲ್ಲಿಸಲಿಲ್ಲ.

ಅವರು ಮಗನ ಮೇಲೆ ಸಿಟ್ಟಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ಅಕ್ಕ ಈಗಲೂ ಹೇಳುತ್ತಾರೆ. ಮನೆಗೆ ಮಾತು ಕಲಿಸುವ ಒಬ್ಬ ಹೆಂಗಸು ಬರತೊಡಗಿದಳು. ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದಳು: ಕಪ್, ಡೋರ್, ಚೇರ್. ಗದಿಗೆಪ್ಪನವರು ಮಗುವಿನಂತೆ ಶ್ರದ್ಧೆಯಿಂದ ಕಲಿತರು. ಹೆಂಡತಿಯೊಂದಿಗೆ, ನನ್ನೊಂದಿಗೆ, ಬಸವಂತಪ್ಪನವರೊಂದಿಗೆ ಕನ್ನಡವೇ. ಪ್ರವೀಣ ಬಂದರೆ ಮಾತ್ರ ಕಣ್ಣು ಮುಚ್ಚಿ, ಪದಗಳನ್ನು ಒಂದೊಂದಾಗಿ ಹೆಕ್ಕಿ, ಇಂಗ್ಲಿಷಿನಲ್ಲಿ ಆಡುತ್ತಿದ್ದರು. "ವಾಟರ್." "ವಿಂಡೋ, ಕ್ಲೋಸ್."

"ಅಪ್ಪಾ, ಕನ್ನಡದಾಗ ಹೇಳ್ರಿ, ತಿಳೀತೈತಿ," ಎಂದು ಅವನು ಕೈಮುಗಿಯುವಂತೆ ಕೇಳಿದ.

"ನೋ," ಎಂದರು. ಸ್ವಲ್ಪ ಹೊತ್ತು ಹುಡುಕಿ, "ಕೇರ್‌ಫುಲ್," ಎಂದು ಸೇರಿಸಿದರು.

ಶನಿವಾರ ಪ್ರವೀಣ ನನ್ನ ಹತ್ತಿರ ಕನ್ನಡ ಕಲಿಯಲು ಬರತೊಡಗಿದ. ನಾನು ಶಾಲೆಯಲ್ಲಿ ಹೆಚ್ಚು ಓದಿದವಳಲ್ಲ, ಕಲಿಸಿ ಗೊತ್ತಿಲ್ಲ. ಅವನು ವಾಕ್ಯ ಹೇಳುತ್ತಿದ್ದ, ನಾನು ತಿದ್ದುತ್ತಿದ್ದೆ. ಹುಬ್ಬಳ್ಳಿಯ ಮಾತು ಬಂದರೆ ಇಬ್ಬರೂ ಅಕ್ಕನನ್ನು ಕೇಳುತ್ತಿದ್ದೆವು. ತಪ್ಪಿಲ್ಲದೆ ಮಾತಾಡುವಷ್ಟು ಕಲಿತ. ಮನೆಗೆ ಹೋಗಿ ಅಪ್ಪನ ಮುಂದೆ ಕೂತು ಆ ಕನ್ನಡ ಆಡಿದರೆ ಅವರು ಗಮನವಿಟ್ಟು ಕೇಳಿ, ತಲೆಯಾಡಿಸಿ, ಇಂಗ್ಲಿಷಿನಲ್ಲಿ ಉತ್ತರ ಹುಡುಕುತ್ತಿದ್ದರು.

ಬೇಸಿಗೆಯ ಸಂಜೆಗಳಲ್ಲಿ ಇಲ್ಲಿನ ಒಂದು ಪ್ಲಾಜಾದ ಪಾರ್ಕಿಂಗಿನಲ್ಲಿ ಹಳೆ ಕಾರಿನವರೆಲ್ಲ ಸೇರುತ್ತಾರೆ. ಬಾನೆಟ್ಟು ಎತ್ತಿ ನಿಲ್ಲಿಸಿ, ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಗದಿಗೆಪ್ಪನವರು ಪ್ರತಿ ವರ್ಷ ಹೋಗುತ್ತಿದ್ದ ಜಾಗ. ಆಗಸ್ಟಿನಲ್ಲಿ ಒಂದು ಸಂಜೆ ಪ್ರವೀಣ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದ. ಅಕ್ಕನೂ ನಾನೂ ಜೊತೆಗಿದ್ದೆವು. ಗುರುತಿನವರು ಬಂದು "ಗ್ಯಾರಿ!" ಎಂದು ಹೆಗಲು ತಟ್ಟಿದರು. ಹಳದಿ ಹುಡುಗಿ ಎಲ್ಲಿ ಎಂದು ಒಬ್ಬ ಕೇಳಿದ. ಪ್ರವೀಣ ಏನೋ ಹೇಳಹೊರಟ. ಅದಕ್ಕೆ ಮೊದಲೇ ಗದಿಗೆಪ್ಪನವರು, "ಸೋಲ್ಡ್. ಐ… ಸೋಲ್ಡ್," ಎಂದರು.

ಆ ಮನುಷ್ಯ ಅಯ್ಯೋ ಎಂದು ತಲೆ ಅಲ್ಲಾಡಿಸಿ ಹೋದ. ಪಕ್ಕದ ಸಾಲಿನಲ್ಲಿ ಯಾರೋ ಎಂಜಿನ್ನು ಶುರು ಮಾಡಿದರು. ದಪ್ಪ ಸದ್ದು ನೆಲದಿಂದ ಹತ್ತಿ ಬಂತು. ಗದಿಗೆಪ್ಪನವರು ಆ ಕಡೆ ತಿರುಗಲಿಲ್ಲ. ಪ್ರವೀಣ ಬಗ್ಗಿ, ನಾವು ಕಲಿತಿದ್ದ ಕನ್ನಡದಲ್ಲಿ, ಒಂದೊಂದೇ ಪದ ನೋಡಿ ಇಡುತ್ತ ಕೇಳಿದ:

"ಅಪ್ಪಾ, ಆ ನೀಲಿ ಗಾಡಿ ಹತ್ತಿರ ಕರಕೊಂಡು ಹೋಗ್ಲೇನ್ರಿ? ಇಲ್ಲಾ ಇಲ್ಲೇ ಕೂಡ್ರತೀರೇನ್ರಿ?"

ಗದಿಗೆಪ್ಪನವರು ಕಣ್ಣು ಮುಚ್ಚಿದರು. ಪದ ಹುಡುಕುತ್ತಿದ್ದಾರೆಂದು ನಮಗೆ ಗೊತ್ತಿತ್ತು. ನಾವು ಕಾದೆವು.

"ಹೋಮ್," ಎಂದರು. ಆಮೇಲೆ ಮಗನ ಮುಖ ನೋಡಿ, ಹೊರಗಿನವರ ಹತ್ತಿರ ಆಡುವ ಹಾಗೆ, ಮೆಲ್ಲಗೆ: "ಪ್ಲೀಸ್."

ಪ್ರವೀಣ ಕುರ್ಚಿ ತಿರುಗಿಸಿದ. ಅಕ್ಕ ನನ್ನ ತೋಳು ಹಿಡಿದುಕೊಂಡರು.

"ಮಗಗ ಪ್ಲೀಸ್ ಅಂತಾರ ನೋಡ ತಂಗಿ," ಎಂದರು.